ಗೊರೆಯಿಂದ ಮಿಜಾನಿಗೆ ಅರ್ಧ ಗಂಟೆ

ಯಲಹಂಕ

ನಾನು ಆಫ್ರಿಕಕ್ಕೆ ಹೋಗಿ ಬಂದವನು ಎಂಬುದು ಯಲಹಂಕದಲ್ಲಿ ಎಲ್ಲರಿಗೂ ಗೊತ್ತು. ಸಂತೆಯಲ್ಲಿ ಸೊಪ್ಪು ಕೊಳ್ಳುವಾಗಲೂ ಯಾರಾದರೊಬ್ಬರು ತಡೆದು ನಿಲ್ಲಿಸುತ್ತಾರೆ. "ಏನ್ ಮೇಷ್ಟ್ರೇ, ಸಿಂಹ ನೋಡಿದ್ರಾ?" ಇದು ಮೊದಲ ಪ್ರಶ್ನೆ. "ಅಲ್ಲಿ ಊಟಕ್ಕೇನ್ ಮಾಡ್ತಿದ್ರಿ?" ಇದು ಎರಡನೆಯದು. ಸಿಂಹ ಪಂಜರದಲ್ಲಿತ್ತು, ಊಟಕ್ಕೆ ತೊಂದರೆಯಾಗಲಿಲ್ಲ ಎಂದು ಹೇಳಿ ಜಾರಿಕೊಳ್ಳುತ್ತೇನೆ. ನಮ್ಮ ಶಾಲೆಯ ಹೆಡ್‌ಮಾಸ್ತರರು ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ಹುಡುಗರ ಭೂಗೋಳದ ಪಾಠಕ್ಕೆ ಆಗುತ್ತದೆ, ಬರೆದುಕೊಡಿ ಎಂದು ಗಂಟುಬಿದ್ದರು. ಭೂಗೋಳಕ್ಕೆ ಬೇಕಾದ್ದು ದೂರ, ದಿಕ್ಕು, ಹವಾಮಾನ. ಮೂರನ್ನೂ ನಾನು ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಕಲಿತು ಬಂದೆ. ಆದರೆ ಹುಡುಗರಿಗೆ ಹೇಳುವ ಹಾಗೆ ಬರೆಯಲು ಕೂತರೆ ಕೈ ಓಡಲಿಲ್ಲ. ಆದ್ದರಿಂದ ದೊಡ್ಡವರಿಗೆ ಬರೆಯುತ್ತಿದ್ದೇನೆ.

ನಾವು ಹೋದದ್ದು ದೇಶ ನೋಡುವುದಕ್ಕಲ್ಲ. ನನ್ನ ಅಕ್ಕ ಜಯಮ್ಮನ ಗಂಡ ಇಥಿಯೋಪಿಯಾದಲ್ಲಿ ವಿಜ್ಞಾನದ ಮೇಷ್ಟ್ರು. ಆ ದೇಶದವರು ಭಾರತದಿಂದ ಮೇಷ್ಟ್ರುಗಳನ್ನು ಕರೆಸಿಕೊಳ್ಳುತ್ತಿದ್ದ ಕಾಲ ಅದು. ಭಾವನನ್ನು ಹಾಕಿದ್ದು ಮಿಜಾನ್ ಎಂಬ, ಕಾಡಿನ ನಡುವಿನ ಊರಿಗೆ. ಅಕ್ಕ ಎರಡು ಸಲ ಬಸುರಾಗಿ ಎರಡು ಸಲವೂ ಉಳಿದಿರಲಿಲ್ಲ. ಎರಡನೆಯದು ಪ್ರಯಾಣದಲ್ಲೇ ಹೋಯಿತು. ಮೂರನೆಯ ಸಲ ಐದು ತಿಂಗಳು ತುಂಬಿದಾಗ, ಅಲ್ಲಿಗೆ ಅಪರೂಪಕ್ಕೆ ಬಂದುಹೋಗುವ ಡಾಕ್ಟರು, ಇನ್ನು ಮನೆ ಬಿಟ್ಟು ಕದಲಕೂಡದು ಎಂದರು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕೆಂಬುದು ನಮ್ಮವರ ರೂಢಿ. ಮಗಳು ತವರಿಗೆ ಬರುವ ಹಾಗಿಲ್ಲದಿದ್ದರೆ ತವರೇ ಅವಳಿದ್ದಲ್ಲಿಗೆ ಹೋಗಬೇಕು ಎಂದು ಅವ್ವ ತೀರ್ಮಾನ ಮಾಡಿಬಿಟ್ಟಳು. ನಮ್ಮ ಹಳ್ಳಿ ಕೋಗಿಲಿನ ಅರ್ಧ ಜನ ಅವಳ ಕೈಯಲ್ಲೇ ಭೂಮಿಗೆ ಬಿದ್ದದ್ದು. ಕಂಡವರ ಹೆರಿಗೆಗೆಲ್ಲ ಓಡಿದವಳು ಸ್ವಂತ ಮಗಳ ಹೆರಿಗೆಗೆ ಇಲ್ಲದಿದ್ದರೆ ಹೇಗೆ ಎಂಬುದೊಂದೇ ಅವಳ ಯೋಚನೆ. ಭಾವ ಇಬ್ಬರಿಗೂ ಟಿಕೆಟ್ಟು ಕಳಿಸಿದರು.

ವಿಮಾನ ಅವ್ವನಿಗೆ ಹೊಸದಲ್ಲ. ಜಕ್ಕೂರಿನ ಬಯಲಿನ ಅಂಚಿನಲ್ಲಿ ಹಸು ಮೇಯಿಸುತ್ತ, ಹಾರುವುದನ್ನು ಕಲಿಯುವವರ ಪುಟ್ಟ ವಿಮಾನಗಳನ್ನು ವರ್ಷಗಟ್ಟಲೆ ನೋಡಿದ್ದಳು. ಅವು ಏಳುತ್ತಿದ್ದವು, ಕೆರೆಯ ಮೇಲೆ ಒಂದು ಸುತ್ತು ಹಾಕುತ್ತಿದ್ದವು, ಎದ್ದ ಜಾಗಕ್ಕೇ ಇಳಿಯುತ್ತಿದ್ದವು. ಹಾಗಾಗಿ ಅವಳಿಗೆ ಒಂದೇ ಭಯ.

"ಅತ್ತಿಸ್ಕೊಂಡ್ ಕಡೆನೇ ಇಳಿಸ್‌ಬಿಟ್ಟಾರು ಕಣ್ಲಾ ಕೆಂಪಣ್ಣ. ಮೊದ್ಲೇ ಕೇಳ್ಕೊ."

ನಾನು ಮನೆಯವರೆಲ್ಲರ ಮುಂದೆ ನಕ್ಕುಬಿಟ್ಟೆ.

ಬೊಂಬಾಯಿ

ವಿಮಾನದಲ್ಲಿ ಇಂತಿಷ್ಟೇ ಸಾಮಾನು ಎಂಬ ನಿಯಮ ಇರುವುದು ಅವ್ವನ ಕಿವಿಗೆ ಬಿದ್ದದ್ದು ಹೊರಡುವ ವಾರದಲ್ಲಿ. ಬಾಣಂತಿಯ ಸಾಮಾನು ಅಷ್ಟರಲ್ಲಿ ಹಿಡಿಯುತ್ತದೆಯೇ? ಒಣಶುಂಠಿ, ಕಾಳುಮೆಣಸು, ಬೆಳ್ಳುಳ್ಳಿ, ಬಜೆ, ಕೊಬ್ಬರಿ, ಅಂಟು, ಉಂಡೆಬೆಲ್ಲ, ಸಾಂಬ್ರಾಣಿ, ಸಾಲದ್ದಕ್ಕೆ ಬೀಸಿ ಜರಡಿ ಹಿಡಿದ ರಾಗಿಹಿಟ್ಟು. ಅವಳು ವಾದ ಮಾಡಲಿಲ್ಲ. ಹಳೆಯ ಸೀರೆಯಿಂದ ಉದ್ದನೆಯ ಚೀಲ ಹೊಲಿದಳು. ಅದಕ್ಕೆ ಹಿಟ್ಟು, ಬೆಲ್ಲ, ಶುಂಠಿ ಎಲ್ಲವನ್ನೂ ತುಂಬಿ, ಸೊಂಟಕ್ಕೆ ಮೂರು ಸುತ್ತು ಸುತ್ತಿ, ಮೇಲೆ ಸೀರೆ ಉಟ್ಟಳು. ಟ್ರಂಕನ್ನು ತೂಗುತ್ತಾರೆ, ಮನುಷ್ಯರನ್ನು ತೂಗುತ್ತಾರೆಯೇ?

ಬೊಂಬಾಯಿಯಲ್ಲಿ ತೂಗಲಿಲ್ಲ. ಕಾಲು ಅಗಲಿಸಿ, ಬೆನ್ನಿಗೆ ಕೈ ಕೊಟ್ಟು, ಮೆಲ್ಲಮೆಲ್ಲಗೆ ಬರುತ್ತಿದ್ದ ಅವ್ವನನ್ನು ನೋಡಿ ಅಲ್ಲಿನ ಅಧಿಕಾರಿಯೊಬ್ಬರು ಎದ್ದು ಕುರ್ಚಿ ಕೊಟ್ಟರು. ಅವಳು ಕೂರಲು ಒಪ್ಪಲಿಲ್ಲ. ಕೂತರೆ ಬೆಲ್ಲದ ಉಂಡೆ ಒತ್ತುತ್ತಿತ್ತಂತೆ. ಆಕಾಶಕ್ಕೆ ಏರಿದ ಮೇಲೆ ನನ್ನ ಕಿವಿಯ ಬಳಿ ಬಾಗಿ, "ನೋಡ್ದೇನ್ಲಾ, ಓದಿದೋರಿಗೆ ಇಷ್ಟೂ ತಿಳೀನಿಲ್ಲ" ಎಂದಳು. ನಗು ತಡೆಯಲಾರದೆ ನಾನು ಕಿಟಕಿಯ ಕಡೆ ತಿರುಗಿ ಕೂತೆ. ಕೆಳಗೆ ಸಮುದ್ರ. ಇಷ್ಟು ಜಾಣ ತಾಯಿ ಯಾರಿಗಿದ್ದಾಳೆ ಎಂದುಕೊಂಡೆ.

ಆಡಿಸ್ ಅಬಾಬ

ಸುಡುವ ಆಫ್ರಿಕವನ್ನು ಎಣಿಸಿ ಹೋದವರನ್ನು ಚಳಿ ಎದುರುಗೊಂಡಿತು. ಆ ಊರು ಬೆಟ್ಟದ ಮೇಲಿದೆ. ನಮ್ಮ ಬೆಂಗಳೂರಿನ ಮಾರ್ಗಶಿರದ ಬೆಳಗು ಅಲ್ಲಿ ದಿನವಿಡೀ. ಜನ ಬಿಳಿಯ ಹತ್ತಿಬಟ್ಟೆಯನ್ನು ನಮ್ಮ ಗೌಡರು ಕಂಬಳಿ ಹೊದ್ದ ಹಾಗೆ ಹೊದೆಯುತ್ತಾರೆ. ಗಡಿಯಾರ ಮಾತ್ರ ನನ್ನ ತಲೆ ತಿರುಗಿಸಿತು. ಅವರಿಗೆ ಸೂರ್ಯ ಹುಟ್ಟಿದ ಮೇಲೆ ಗಂಟೆಯ ಎಣಿಕೆ ಶುರು. ನಮ್ಮ ಒಂಬತ್ತು ಅವರಿಗೆ ಮೂರು. ನಾನು ಮೇಷ್ಟ್ರು, ಪ್ರತಿ ಸಲವೂ ಬೆರಳು ಮಡಿಸಿ ಲೆಕ್ಕ ಹಾಕಬೇಕಾಯಿತು. ಅವ್ವನಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. "ಒತ್ತು ಉಟ್ಟಿದ್ಮೇಲೆ ತಾನೆ ಒತ್ತಿನ ಲೆಕ್ಕ? ಸರಿಯಾಗೈತೆ" ಎಂದಳು.

ಇನ್ನೊಂದು ರೂಢಿ ನನ್ನನ್ನು ಸೋಲಿಸಿತು. ಭಾವನ ಪರಿಚಯದ ಮನೆಯೊಂದರಲ್ಲಿ ಊಟಕ್ಕೆ ಕೂತಾಗ ಆ ಮನೆಯ ಯಜಮಾನಿ ತುತ್ತು ಕಟ್ಟಿ ನೇರ ನನ್ನ ಬಾಯಿಗೇ ಇಟ್ಟಳು. ಬೇಡವೆಂದರೆ ಅವಮಾನವಂತೆ. ಮೀಸೆ ಬಂದ ಮೇಲೆ ನಾನು ಕೈತುತ್ತು ತಿಂದದ್ದು ಅದೇ ಮೊದಲು. ಅವ್ವ ತಾನೂ ಒಂದು ತುತ್ತು ತಿರುಗಿ ಆಕೆಗೆ ತಿನ್ನಿಸಿದಳು. ಭಾಷೆ ಗೊತ್ತಿಲ್ಲದ ಇಬ್ಬರು ಹೆಂಗಸರು ಅಷ್ಟು ಬೇಗ ನೆಂಟರಾದದ್ದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಗೊರೆ

ರಾಜಧಾನಿಯಿಂದ ಗೊರೆ ಎಂಬ ಗುಡ್ಡದ ಊರಿಗೆ ಒಂದು ವಿಮಾನ, ಗೊರೆಯಿಂದ ಮಿಜಾನಿಗೆ ಇನ್ನೊಂದು. ಗೊರೆಯ ವಿಮಾನ ನಿಲ್ದಾಣ ಎಂದರೆ ಒಂದು ಹುಲ್ಲುಗಾವಲು, ಒಂದು ತಗಡಿನ ಕೊಠಡಿ, ಕೋಲಿಗೆ ಕಟ್ಟಿದ ಬಟ್ಟೆಯ ಚೀಲ. ಗಾಳಿ ಯಾವ ಕಡೆ ಎಂದು ಆ ಚೀಲ ಹೇಳುತ್ತದೆ. ನಾವು ಇಳಿಯುವ ಮೊದಲು ವಿಮಾನ ಒಂದು ಸಲ ತಗ್ಗಿನಲ್ಲಿ ಹಾರಿತು. ಹಸುಗಳು ಚದುರಲಿ ಎಂದು. ಅವ್ವನಿಗೆ ಜಕ್ಕೂರಿನಲ್ಲೇ ಇಳಿದಷ್ಟು ಸಮಾಧಾನವಾಯಿತು.

ಮುಂದಿನ ವಿಮಾನ ಬರುವವರೆಗೆ ನಾವು ಉಳಿದದ್ದು ಭಾವನ ಸ್ನೇಹಿತರಾದ ಕೇರಳದ ಮೇಷ್ಟ್ರೊಬ್ಬರ ಮನೆಯಲ್ಲಿ. ಅವರ ಹೆಂಡತಿ ಮರಿಯಮ್ಮ ಅವ್ವನ ಜೊತೆ ತಮಿಳು ಬೆರೆಸಿ ಮಾತಾಡುತ್ತಿದ್ದರು. ಯಲಹಂಕದ ಸಂತೆಯ ದಯೆಯಿಂದ ಅವ್ವನಿಗೆ ಅಷ್ಟು ತಮಿಳು ಬರುತ್ತಿತ್ತು. ಆ ಊರಿನಲ್ಲಿ ಬಾಣಂತಿಯರಿಗೆ ಮಾಡಿ ಕೊಡುವ ಹಿಟ್ಟನ್ನು ಮರಿಯಮ್ಮ ಪಕ್ಕದ ಮನೆಯಿಂದ ತರಿಸಿ ತೋರಿಸಿದರು. ಬಿಸಿಬಿಸಿ ಗಟ್ಟಿ ಹಿಟ್ಟು, ನಡುವೆ ಗುಳಿ ಮಾಡಿ ಬೆಣ್ಣೆ, ಖಾರ. ಅವ್ವ ಬೆರಳಿನಿಂದ ಮುರಿದು ನೋಡಿ, "ಮುದ್ದೆ ಕಣವ್ವ ಇದು, ಬಣ್ಣ ಒಂದು ಬ್ಯಾರೆ" ಎಂದು ತೀರ್ಪು ಕೊಟ್ಟಳು. ಅಷ್ಟು ದೂರ ಸೊಂಟಕ್ಕೆ ಕಟ್ಟಿಕೊಂಡು ಬಂದದ್ದು ಇಲ್ಲಿಯೇ ಸಿಗುತ್ತಿತ್ತಲ್ಲ ಎಂದು ನಾನು ಕೆಣಕಿದೆ. ಅವಳಿಗೆ ಸಿಟ್ಟು ಬಂತು. "ನಮ್ಮೊಲದ್ ರಾಗಿ ಇಲ್ಲಿ ಸಿಕ್ತದೇನ್ಲಾ?"

ಮಿಜಾನ್ ಎಷ್ಟು ದೂರ ಎಂದು ನಾನು ಮೇಷ್ಟ್ರನ್ನು ಕೇಳಿದೆ. ಅವರು ಗೋಡೆಯ ನಕಾಶೆಯ ಮೇಲೆ ಕಿರುಬೆರಳು ಇಟ್ಟರು. ಗೊರೆ ಉಗುರಿನ ಈ ಕಡೆ, ಮಿಜಾನ್ ಆ ಕಡೆ. ಬೆಂಗಳೂರಿಗೂ ಮೈಸೂರಿಗೂ ಇರುವಷ್ಟೇ ದೂರ. ವಿಮಾನದಲ್ಲಿ ಅರ್ಧ ಗಂಟೆ. ಯಶವಂತಪುರದಿಂದ ಯಲಹಂಕಕ್ಕೆ ಬಸ್ಸು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ನೆಲದ ಮೇಲೆ ಹೋದರೆ ಎಂದು ಕೇಳಿದ್ದಕ್ಕೆ ಅವರು ನಕ್ಕರು. ಹೇಸರಗತ್ತೆಯ ಮೇಲೆ, ಕಾಡಿನಲ್ಲಿ, ಹೊಳೆಗಳು ಇಳಿದಿದ್ದರೆ ಒಂದು ವಾರ. ಮಳೆಗಾಲದಲ್ಲಿ ಯಾರೂ ಹೋಗುವುದಿಲ್ಲ. ಅದು ಮಳೆಗಾಲದ ಕೊನೆ.

ವಿಮಾನದ ದಿನ ಬೆಳಿಗ್ಗೆ ಅವ್ವ ಮತ್ತೆ ಚೀಲ ಸುತ್ತಿಕೊಂಡಳು. ಇಷ್ಟು ದೂರ ನಡೆದ ಉಪಾಯ ಇನ್ನು ಅರ್ಧ ಗಂಟೆ ನಡೆಯದೇ? ಬಯಲಿಗೆ ಹೋಗಿ ನೋಡಿದರೆ ತಗಡಿನ ಕೊಠಡಿಯ ಮುಂದೆ ಕಾಫಿ ಮೂಟೆ ತೂಗುವ ದೊಡ್ಡ ತಕ್ಕಡಿ ಇಟ್ಟಿದ್ದರು. ಅದರ ಹಲಗೆಯ ಮೇಲೆ ಮೂಟೆಗಳ ಸರದಿ ಮುಗಿದ ಮೇಲೆ ಜನರ ಸರದಿ. ಒಬ್ಬೊಬ್ಬರೇ ಹತ್ತುತ್ತಿದ್ದರು, ಗುಮಾಸ್ತ ಬರೆದುಕೊಳ್ಳುತ್ತಿದ್ದ. ಸಣ್ಣ ವಿಮಾನಕ್ಕೆ ಮನುಷ್ಯನೂ ಒಂದು ಮೂಟೆಯೇ. ಹಿಂದಿನ ದಿನದ ಮಳೆಗೆ ನೆಲ ಮೆತ್ತಗಾಗಿದೆ, ಭಾರ ಹೆಚ್ಚಾದರೆ ಚಕ್ರ ಹೂತುಕೊಂಡು ಏಳುವುದಿಲ್ಲ ಎಂದು ಪೈಲಟ್ಟು ಹೇಳಿದ್ದನಂತೆ.

ನಮ್ಮದು ಕೊನೆಯ ಸರದಿ. ನಾನು ಹತ್ತಿದೆ, ಇಳಿದೆ. ಅವ್ವ ಹತ್ತಿದಳು. ನನ್ನ ಭುಜದವರೆಗೂ ಬಾರದ ಅವ್ವ ನನಗಿಂತ ಎಷ್ಟೋ ಹೆಚ್ಚು ತೂಗಿದಳು. ಗುಮಾಸ್ತ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಕ್ಕಡಿ ಕೆಟ್ಟಿದೆಯೇ ಎಂದು ಮತ್ತೊಮ್ಮೆ ನೋಡಿದ. ಆಮೇಲೆ ಇಂಗ್ಲಿಷಿನಲ್ಲಿ ನನಗೆ ಹೇಳಿದ: "ಇನ್ನೊಬ್ಬರಿಗೆ ಮಾತ್ರ ಅವಕಾಶ. ನೀವಾದರೆ ಸರಿಹೋಗುತ್ತದೆ. ಅಮ್ಮನವರಾದರೆ ಆಗುವುದಿಲ್ಲ."

"ಅವ್ವ, ಅದನ್ನ ಬಿಚ್ಚಾಕು" ಎಂದೆ. "ಬಿಚ್ಚಿದ್ರೆ ನೀನೇ ಹೋಗ್ಬೋದು. ನಾನು ಆಮೇಲೆ ಬರ್ತೀನಿ."

ಅವಳು ಸುತ್ತ ನೋಡಿದಳು. ಕಾಫಿ ವ್ಯಾಪಾರಿಗಳು, ಕೂಲಿಗಳು, ಇಬ್ಬರು ಪೊಲೀಸರು, ಎಲ್ಲರೂ ಗಂಡಸರು, ಎಲ್ಲರ ಕಣ್ಣೂ ಅವಳ ಮೇಲೆ. ತಗಡಿನ ಕೊಠಡಿಗೆ ಬಾಗಿಲಿರಲಿಲ್ಲ.

"ಇಷ್ಟ್ ಜನ ಗಂಡಸ್ರ ಮುಂದೆ ಸೀರೆ ಸಡ್ಲಿಸ್ಲಾ? ಅದೂ ಅಲ್ದೆ, ಒಳ್ಗಿಂದ ಗಂಟು ತೆಗುದ್ರೆ ಕಳ್ಳಮಾಲು ತಂದವ್ಳೆ ಅನ್ನಕ್ಕಿಲ್ವಾ? ಅಳೀಮಯ್ಯನ ಕೆಲ್ಸಕ್ಕೇ ಕುತ್ತು ಬಂದಾತು."

"ಯಾರೂ ಹಂಗನ್ನಲ್ಲ. ನಾನ್ ಹೇಳ್ತೀನಿ ಅವ್ರಿಗೆ."

"ಬ್ಯಾಡ ಕಣ್ಲಾ. ನೀನ್ ಓಗು. ತವರಿನೋರು ಒಬ್ರಾದ್ರೂ ಅವ್ಳ ಕಣ್ಗೆ ಬೀಳ್ಲಿ. ಇನ್ನೂ ತಿಂಗ್ಳು ತುಂಬಿಲ್ಲ. ಬರೋ ಇಮಾನಕ್ಕೆ ನಾನ್ ಬತ್ತೀನಿ. ಅರ್ಧ ಗಂಟೆ ದಾರಿ ತಾನೆ?"

ಮರಿಯಮ್ಮನವರ ಮನೆಗೆ ಹೋಗಿ ಬಿಚ್ಚಿ ಬರಲು ಕಾಲು ಗಂಟೆ ಸಾಕಿತ್ತು. ಪೈಲಟ್ಟನ ಬಳಿ ಓಡಿ ಕೇಳಿದೆ. ಅವನು ಆಕಾಶದ ಕಡೆ ಕೈ ತೋರಿಸಿದ. ಮೋಡ ಗುಡ್ಡವನ್ನು ಆಗಲೇ ಮುಟ್ಟಿತ್ತು. ನಾನು ಹತ್ತಿದೆ. ಕಾಫಿ ಮೂಟೆಗಳ ಮಧ್ಯೆ ಒರಗಿ ಕೂತು ಕಿಟಕಿಯಿಂದ ನೋಡಿದಾಗ ಅವ್ವ ಮರಿಯಮ್ಮನ ಪಕ್ಕದಲ್ಲಿ, ಬೆನ್ನಿಗೆ ಕೈ ಕೊಟ್ಟು ನಿಂತಿದ್ದಳು. ಆ ನೆಲವನ್ನು, ಆ ತಕ್ಕಡಿಯನ್ನು, ಆ ಗಂಡಸರನ್ನು ನಾನು ಎಷ್ಟು ಸಲ ಬೈದುಕೊಂಡಿದ್ದೇನೋ ಲೆಕ್ಕವಿಲ್ಲ. ಅವರಲ್ಲಿ ಯಾರೂ ನಮಗೆ ಕೆಟ್ಟದ್ದು ಬಯಸಿರಲಿಲ್ಲ ಎಂಬುದೂ ಗೊತ್ತು.

ಮಿಜಾನ್

ಹೇಳಿದಂತೆ ಅರ್ಧ ಗಂಟೆ. ಕೆಳಗೆ ಒಂದೇ ಸಮನೆ ಕಾಡು, ನಡುವೆ ಎಲ್ಲೋ ಕೆಂಪು ಹೊಳೆ. ಒಂದು ವಾರದ ದಾರಿ ಇದೇ ಎಂದು ಮನಸ್ಸಿಗೆ ತರುವಷ್ಟರಲ್ಲಿ ಇಳಿದೆವು.

ಅಕ್ಕ ಮನೆಯ ಬಾಗಿಲಿನಲ್ಲಿ ನಿಂತಿದ್ದಳು. ನನ್ನ ಹಿಂದೆ ನೋಡಿದಳು. ಇನ್ನೂ ಹಿಂದೆ, ನನ್ನನ್ನು ಬಯಲಿನಿಂದ ಕರೆತಂದ ಭಾವನ ಹಿಂದೆ ನೋಡಿದಳು.

"ಅವ್ವ ಎಲ್ಲೋ?"

ನಡೆದದ್ದನ್ನು ಹೇಳಿದೆ. ಅಕ್ಕ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸೊಂಟಕ್ಕೆ ರಾಗಿಹಿಟ್ ಕಟ್ಕೊಂಡ್ ಬಂದ್ಲಾ ನಮ್ಮವ್ವ" ಎಂದು ಭಾವನಿಗೆ ಹೇಳಿ ಹೇಳಿ ನಕ್ಕಳು. ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಭಾವ, "ಗುರುವಾರ ವಿಮಾನ ಇದೆ, ಬರ್ತಾರೆ ಬಿಡು" ಎಂದು ಬಾಗಿಲಿನ ಈಚೆಯಿಂದಲೇ ಹೇಳಿದರು.

ಮರುದಿನವೇ ನೋವು ಶುರುವಾಯಿತು. ಇನ್ನೂ ದಿನ ಬಹಳವಿತ್ತು. ಊರಿನ ಪುಟ್ಟ ದವಾಖಾನೆಯ ಕಾಂಪೌಂಡರು ಬಂದರು, ಪಕ್ಕದ ಮನೆಯ ಅಲ್ಮಾಜ್ ಎಂಬಾಕೆ ನಾಲ್ಕು ಜನ ಹೆಂಗಸರನ್ನು ಕರೆದುಕೊಂಡು ಬಂದಳು. ಆ ಹೆಂಗಸರು ಅಕ್ಕನನ್ನು ಕೂತಲ್ಲಿ ಕೂತಂತೆ ಬಿಡದೆ, ತೋಳು ಕೊಟ್ಟು ನಡೆಸಿದರು, ಬೆನ್ನು ನೀವಿದರು, ಹಾಡಿದರು. ನಮ್ಮೂರಿನಲ್ಲೂ ಹೀಗೇ. ನಾನೂ ಭಾವನೂ ಹೊರಗೆ ಹುಲ್ಲಿನ ಮೇಲೆ ನಿಂತಿದ್ದೆವು. ಬೆಳಗಾಗುವಾಗ ಒಳಗಿನಿಂದ ಇಲಿಲಿಲಿ ಎಂದು ನಾಲಿಗೆ ಹೊರಳಿಸುವ ಕೂಗು ಎದ್ದಿತು. ಗಂಡು ಹುಟ್ಟಿದರೆ ಹೆಚ್ಚು ಸಲ ಕೂಗುತ್ತಾರೆ, ಹೆಣ್ಣಾದರೆ ಕಡಿಮೆ. ಬೇಗ ನಿಂತಿತು. ಹೆಣ್ಣುಮಗು.

ಭಾವನ ಅಂಗೈಯಲ್ಲಿ ಮಲಗುವಷ್ಟು ಇತ್ತು. ಅಳು ಬೆಕ್ಕಿನ ಮರಿಯದು. ಎದೆಗೆ ಹಾಕಿದರೆ ಚೀಪುವ ಶಕ್ತಿಯಿಲ್ಲ. ಬೆಚ್ಚಗಿಡಿ ಎಂದು ಕಾಂಪೌಂಡರು ಹೇಳಿದರು. ಕಂಬಳಿ ಸುತ್ತಿದೆವು, ಬಿಸಿನೀರಿನ ಸೀಸೆ ಇಟ್ಟೆವು, ಸೀಸೆ ಆರಿದರೆ ಬದಲಿಸಿದೆವು. ಸರಿಯಾಗಿ ಮಾಡುತ್ತಿದ್ದೇವೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಕಣ್ಣು ಮುಚ್ಚಲಿಲ್ಲ. "ಗುರುವಾರದ ತನಕ ಹಿಡ್ಕೊಂಡಿರ್ತೀನಿ. ಅವ್ವ ಬಂದ್ರೆ ನೋಡ್ಕೋತಾಳೆ" ಎಂದು ಹೇಳುತ್ತಲೇ ಇದ್ದಳು.

ಗುರುವಾರ ಮಳೆ ಇರಲಿಲ್ಲ. ಮೋಡ ಮಾತ್ರ ಮನೆಯ ಸೂರಿನವರೆಗೆ ಇಳಿದು ಕೂತಿತ್ತು. ಎದುರು ಮನೆ ಕಾಣುತ್ತಿರಲಿಲ್ಲ. ಹೊತ್ತೇರಿದ ಮೇಲೆ ವಿಮಾನದ ಸದ್ದು ಕೇಳಿತು. ಅಕ್ಕ ಮಗುವನ್ನು ಎತ್ತಿಕೊಂಡೇ ಎದ್ದು ಕೂತಳು.

"ಬಂದ್ಲು. ಅವ್ವ ಬಂದ್ಲು ಕಣೋ. ಹೋಗ್ರೋ, ಕರ್ಕೊಂಡ್ ಬನ್ನಿ."

ನಾನೂ ಭಾವನೂ ಬಯಲಿಗೆ ಓಡಿದೆವು. ಸದ್ದು ನಮ್ಮ ತಲೆಯ ಮೇಲೆಯೇ ಒಂದು ಸುತ್ತು ಹಾಕಿತು. ಇನ್ನೊಂದು ಸುತ್ತು ಹಾಕಿತು. ನಾವು ಕತ್ತೆತ್ತಿ ನಿಂತೆವು, ಮೋಡ ಬಿಟ್ಟು ಬೇರೇನೂ ಕಾಣಲಿಲ್ಲ. ಆಮೇಲೆ ಸದ್ದು ಉತ್ತರದ ಕಡೆ ಸರಿಯಿತು, ಸಣ್ಣದಾಯಿತು, ನಿಂತಿತು. ಭಾವ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಮನೆಯವರೆಗೂ ನಡೆದರು.

ಅವ್ವ ಅದರಲ್ಲೇ ಇದ್ದಳು. ಆ ದಿನ ಸೊಂಟಕ್ಕೆ ಏನೂ ಕಟ್ಟಿಕೊಂಡಿರಲಿಲ್ಲ. ಮಗಳ ಮನೆಯ ಸೂರಿನ ಮೇಲೆ ಎರಡು ಸುತ್ತು ಹಾಕಿಸಿ ಅವಳನ್ನು ಗೊರೆಯಲ್ಲೇ, ಹತ್ತಿದ ಕಡೆಯಲ್ಲೇ, ಇಳಿಸಿದ್ದರು. ಇದು ನಮಗೆ ಆಮೇಲೆ ಗೊತ್ತಾದದ್ದು.

ಮಗು ಆ ಸಂಜೆ ಹೋಯಿತು. ಅಕ್ಕನ ಮಡಿಲಲ್ಲೇ, ಗೊತ್ತಾಗದ ಹಾಗೆ. ಅಲ್ಮಾಜ್ ಕೈಯಿಂದ ಮುಟ್ಟಿ ನೋಡಿ ನಮಗೆ ಸನ್ನೆ ಮಾಡಿದಳು. ಶಾಲೆಯ ಹಿಂದೆ, ಒಂದು ಕಾಫಿ ಗಿಡದ ಬುಡದಲ್ಲಿ ಮಣ್ಣು ಮಾಡಿದೆವು. ಆ ಊರಿನಲ್ಲಿ ಕಾಫಿ ಯಾರೂ ಹಾಕಿದ್ದಲ್ಲ, ಕಾಡಿನಲ್ಲಿ ತಾನೇ ಹುಟ್ಟುತ್ತದೆ. ಹೆಸರಿನ್ನೂ ಇಟ್ಟಿರಲಿಲ್ಲ.

ಬಿಸಿಲು ಬಿದ್ದ ಮೇಲೆ

ಮುಂದಿನ ವಿಮಾನ ತಡೆಯಿಲ್ಲದೆ ಬಂತು. ಹಿಂಗಾಳಿ ಇತ್ತು, ಅರ್ಧ ಗಂಟೆಯೂ ಹಿಡಿಯಲಿಲ್ಲ ಎಂದು ಪೈಲಟ್ಟು ಸಂತೋಷದಿಂದ ಹೇಳಿದ. ಅವನನ್ನು ಹೊಡೆಯಬೇಕೆನಿಸಿತು.

ಅವ್ವ ಮೆಟ್ಟಿಲು ಹಿಡಿದು ಇಳಿದಳು. ಸೀರೆ ಜೋಲುತ್ತಿತ್ತು, ಇಷ್ಟೇ ಇಷ್ಟಾಗಿದ್ದಳು. ಸೊಂಟದ ಗಂಟು ಸೇರಿದ್ದ ಟ್ರಂಕಿನ ಕಡೆ ನೋಡಲಿಲ್ಲ.

"ಎರಿಗೆ ಆಯ್ತೇನ್ಲಾ?"

ಆಯ್ತು ಎಂದೆ. ಅವಳು ನನ್ನ ಮುಖ ನೋಡಿದಳು, ಭಾವನ ಮುಖ ನೋಡಿದಳು. ಭಾವ ತಲೆ ಬಗ್ಗಿಸಿದರು. ಅವಳು ಹುಲ್ಲಿನ ಮೇಲೆ ಕೂತುಬಿಟ್ಟಳು. ಅಳಲಿಲ್ಲ. ಕೂಲಿಗಳು ಮೂಟೆ ಹೊತ್ತು ಅವಳನ್ನು ಬಳಸಿಕೊಂಡು ಹೋದರು. ಕೂತಲ್ಲಿಂದಲೇ ಕೇಳಿದಳು.

"ಜಯಮ್ಮಂಗೆ ನೀರ್ ಉಯ್ದ್ರಾ?"

ಇಲ್ಲ ಎಂದರು ಭಾವ. "ಮಗುನೇ ಇಲ್ಲ, ಇನ್ನ್ಯಾತಕ್ಕೆ ಅಂತ..."

"ಮಗು ಇಲ್ದಿದ್ರೇನು? ಎತ್ತೋಳು ಬಾಣಂತಿ ಅಲ್ವಾ?" ಅಳಿಯನ ಎದುರು ತಲೆಯೆತ್ತಿ ಮಾತಾಡದವಳು ಅಂದು ಗದರಿಸಿದಳು. "ಏಳಿ, ಒಲೆ ಅಚ್ಚಿ."

ಅಂದಿನಿಂದ ನಡೆದದ್ದು ಒಂದು ಪೂರ್ತಿ ಬಾಣಂತನ. ತೊಟ್ಟಿಲು ಇಲ್ಲ, ಅಷ್ಟೇ. ಹಂಡೆ ಸಿಗದೆ ಎಣ್ಣೆಯ ತಗಡಿನ ಡಬ್ಬದಲ್ಲಿ ನೀರು ಕಾಯಿಸಿದಳು. ಹರಳೆಣ್ಣೆ ಹಚ್ಚಿ ಸೊಂಟ ನೀವಿ, ಬೆನ್ನು ಕೆಂಪಾಗುವಂತೆ ನೀರು ಹುಯ್ದಳು. ಹೊಟ್ಟೆಗೆ ಬಟ್ಟೆ ಬಿಗಿದು ಕಟ್ಟಿದಳು. ಶುಂಠಿ, ಬೆಲ್ಲ, ಅಂಟಿನ ಉಂಡೆ, ಬೆಳ್ಳುಳ್ಳಿ ಸಾರು, ಒಂದನ್ನೂ ಬಿಡಲಿಲ್ಲ. ಉಣ್ಣಲು ಒಲ್ಲೆನೆಂದರೆ ತುತ್ತು ಮಾಡಿ ಬಾಯಿಗಿಟ್ಟಳು. ಎದೆಹಾಲು ಕಟ್ಟಿ ಅಕ್ಕ ನರಳಿದಾಗ ಮಲ್ಲಿಗೆ ಹೂವಿಗಾಗಿ ಹುಡುಕಿ, ಕೊನೆಗೆ ಅಲ್ಮಾಜ್ ತಂದುಕೊಟ್ಟ ಯಾವುದೋ ಎಲೆಯನ್ನು ಅರೆದು ಕಟ್ಟಿದಳು. ಆ ಊರಿನ ಹೆಂಗಸರು ದಿನವೂ ಬಂದು ಗೋಡೆಗೆ ಒರಗಿ ಕೂತು ನೋಡುತ್ತಿದ್ದರು. ಮಗುವಿಲ್ಲದ ಬಾಣಂತನವನ್ನು ಅವರೂ ನೋಡಿರಲಿಲ್ಲ. ಸೌದೆ ತಂದು ಹಾಕಿ ಹೋಗುತ್ತಿದ್ದರು.

ತಾಯಿಮಗಳು ಮಗುವಿನ ವಿಷಯ ಎತ್ತುತ್ತಿರಲಿಲ್ಲ. ಮಳೆ, ಕೋಗಿಲಿನ ಸುದ್ದಿ, ಯಾರ ಹಸು ಕರು ಹಾಕಿತು, ಇಂಥದ್ದೇ ಮಾತು. ನಾನು ಹೊರಡಬೇಕಾದ ದಿನ ಹತ್ತಿರ ಬಂದಿತ್ತು. ಅವ್ವ ಉಳಿಯುವಳಿದ್ದಳು. ಒಂದು ಮಧ್ಯಾಹ್ನ ಅಕ್ಕನ ಒದ್ದೆಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದಳು. ಅಲ್ಮಾಜ್ ನೆಲದ ಮೇಲೆ ಹಸಿರು ಹುಲ್ಲು ಹರಡಿ, ಕಾಫಿ ಬೀಜ ಹುರಿಯುತ್ತಿದ್ದಳು. ಅವರೂ ಕಾಫಿ ಕುಡಿಯುವಾಗ ಸಾಂಬ್ರಾಣಿ ಹಾಕುತ್ತಾರೆ, ಹಾಗಾಗಿ ಯಾವ ಹೊಗೆ ಯಾರದೆಂದು ತಿಳಿಯುತ್ತಿರಲಿಲ್ಲ. ನಾನು ಹೊಸ್ತಿಲಿನಲ್ಲಿ ಕೂತಿದ್ದೆ.

ಅಕ್ಕ ಬಗ್ಗಿಸಿದ ತಲೆಯನ್ನು ಎತ್ತದೆ ಕೇಳಿದಳು. "ಅವ್ವ, ನೀನಿದ್ದಿದ್ರೆ ಉಳ್ಕೋತಿತ್ತಾ?"

ಅವ್ವನ ಕೈ ನಿಲ್ಲಲಿಲ್ಲ. ಕೂದಲನ್ನು ಬಿಡಿಸುತ್ತಲೇ ಇದ್ದಳು.

"ಇಲ್ಲ ಕಣವ್ವ. ಅಷ್ಟ್ ಚಿಕ್ಕುದು ಯಾರಿದ್ರೂ ಉಳೀತಿರ್ನಿಲ್ಲ. ಅಷ್ಟ್ ಚಿಕ್ಕುವು ಉಳಿಯಾಕಿಲ್ಲ."

"ಹೂಂ" ಎಂದಳು ಅಕ್ಕ. ಅವ್ವ ಹೊಗೆಯನ್ನು ಇನ್ನೊಂದು ಬದಿಗೆ ಸರಿಸಿದಳು. ಅಕ್ಕ ತಲೆ ಹೊರಳಿಸಿ ಕೊಟ್ಟಳು.

ನಾನು ಹುಟ್ಟಿದ್ದು ಏಳು ತಿಂಗಳಿಗೆ. ಅಂಗೈಯಗಲ ಇದ್ದೆನಂತೆ, ಉಳಿಯುವುದಿಲ್ಲವೆಂದು ಊರೇ ಹೇಳಿತ್ತಂತೆ. ಅವ್ವ ಮೊರದಲ್ಲಿ ಹತ್ತಿ ಹಾಸಿ, ನನ್ನನ್ನು ಅದರೊಳಗೆ ಹೂತಿಟ್ಟು, ಪಕ್ಕದಲ್ಲಿ ಕೆಂಡದ ಮಡಕೆಯಿಟ್ಟು, ಬತ್ತಿಯಿಂದ ಹಾಲು ತೊಟ್ಟಿಕ್ಕಿಸಿ ಉಳಿಸಿಕೊಂಡಳು. ಆ ಕೆಂಡ ಆರದಂತೆ ಹಗಲೆಲ್ಲ ಕೂತು ಊದುತ್ತಿದ್ದವಳು, ಆಗ ಆರು ವರ್ಷದವಳಾಗಿದ್ದ ಜಯಕ್ಕ.